ಅಸಿಬಿಯ ನೆತ್ತರಿನ ಋಣ

1927ರ ಜೂನ್ 30. ಆಗ ಗೋಲ್ಡ್ ಕೋಸ್ಟ್ ಎನ್ನಿಸಿಕೊಂಡಿದ್ದ ಇಂದಿನ ಘಾನಾದಲ್ಲಿ ಅಸಿಬಿ ಎಂಬ 28ರ ಯುವಕ ಜ್ವರದಿಂದ ಮಲಗಿದ್ದ. ಹಳದಿ ಜ್ವರದ ಬೆನ್ನು ಹತ್ತಿದ್ದ ರಾಕ್‌ಫೆಲರ್ ಪ್ರತಿಷ್ಠಾನದ ತಂಡದವರು ಅವನ ರಕ್ತ ತೆಗೆದುಕೊಂಡರು. ಅಸಿಬಿ ಬದುಕಿಕೊಂಡ. ಆ ರಕ್ತವನ್ನು ಚುಚ್ಚಿದ ರೀಸಸ್ ಮಂಗ ಸತ್ತಿತು. ರೀಸಸ್ ನಮ್ಮ ಉತ್ತರ ಭಾರತದ ಮಂಗ, ಆಫ್ರಿಕದ್ದಲ್ಲ. ರೋಗಕ್ಕೆ ಕಾರಣ ಬ್ಯಾಕ್ಟೀರಿಯ ಅಲ್ಲ, ವೈರಸ್ ಎಂದು ಸಾಬೀತುಪಡಿಸುವ ದಾರಿ ತೆರೆದದ್ದು ಆ ಮಂಗದ ಸಾವು.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸಂಶೋಧಕ ಏಡ್ರಿಯನ್ ಸ್ಟೋಕ್ಸ್ ಅದೇ ಸೆಪ್ಟೆಂಬರಿನಲ್ಲಿ ಲಾಗೋಸ್‌ನಲ್ಲಿ ಹಳದಿ ಜ್ವರಕ್ಕೇ ಬಲಿಯಾದರು. ಮರುವರ್ಷದ ಮೇ ತಿಂಗಳಲ್ಲಿ ಅಕ್ರಾದಲ್ಲಿ ಜಪಾನಿನ ಹಿದೆಯೊ ನೊಗುಚಿ ಹೋದರು. ಕೆಲವೇ ದಿನಗಳಲ್ಲಿ ಅವರ ಜೊತೆಗಿದ್ದ ಡಾ. ಯಂಗ್ ಕೂಡ. ಕಾರಣ ಬ್ಯಾಕ್ಟೀರಿಯವೇ ಎಂದು ವರ್ಷಗಟ್ಟಲೆ ವಾದಿಸಿದ್ದ ನೊಗುಚಿಯ ಮುಖ ಮುಂದೆ ಜಪಾನಿನ ಸಾವಿರ ಯೆನ್ ನೋಟಿನ ಮೇಲೆ ಬಂತು. ಅಸಿಬಿಯ ಹೆಸರು ಉಳಿದದ್ದು ವೈರಸ್ ತಳಿಯ ಹೆಸರಾಗಿ. ಇದು ನ್ಯಾಯವೆಂದು ನನಗಂತೂ ಅನ್ನಿಸುವುದಿಲ್ಲ.

ಅದೇ ತಳಿಯನ್ನು ನ್ಯೂಯಾರ್ಕಿನಲ್ಲಿ ಮ್ಯಾಕ್ಸ್ ಥೈಲರ್ ಕೋಳಿ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿ ಬೆಳೆಸಿ ಅದರ ವಿಷ ಇಳಿಸಿದರು. 1937ರ ಹೊತ್ತಿಗೆ 17ಡಿ ಲಸಿಕೆ ಸಿದ್ಧವಾಯಿತು, 1951ರಲ್ಲಿ ನೊಬೆಲ್ ಬಂತು. ಇವತ್ತಿಗೂ ಬಳಕೆಯಲ್ಲಿರುವುದು ಅದರ ಪೀಳಿಗೆಯೇ.

ಘಾನಾದ ತೇಮಾ ಬಂದರಿನ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದಾಗ ನಾನೂ ಬೆಂಗಳೂರಿನಲ್ಲಿ ಆ ಲಸಿಕೆ ಹಾಕಿಸಿಕೊಂಡೆ. ನರ್ಸಮ್ಮ ಸಿರಿಂಜು ಕೈಗೆತ್ತಿಕೊಳ್ಳುವ ಮೊದಲು, "ಮೊಟ್ಟೆ ತಿಂದ್ರೆ ಮೈಗೆ ಆಗಲ್ಲ ಅಂತ ಏನಾದ್ರೂ ಇದೆಯಾ ಸರ್?" ಎಂದು ಕೇಳಿದರು. ನಾನು ಸೊರಬದ ಕಡೆಯ ಹವ್ಯಕ. "ತಿಂದೇ ಇಲ್ಲ ತಾಯಿ, ಹೇಗೆ ಹೇಳಲಿ?" ಎಂದೆ. ಅವರು ನಗಲಿಲ್ಲ; ಡಾಕ್ಟರನ್ನು ಕೇಳಿಕೊಂಡು ಬಂದೇ ಚುಚ್ಚಿದರು. ಥೈಲರನ ಕೋಳಿ ಭ್ರೂಣ ನನ್ನ ತೋಳಿನವರೆಗೆ ಬಂದದ್ದು ಹೀಗೆ.

ತೇಮಾದಲ್ಲಿ ಹಳಬರು ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠ ಸೊಳ್ಳೆಗಳ ವೇಳಾಪಟ್ಟಿ. ಮಲೇರಿಯದ ಸೊಳ್ಳೆ ರಾತ್ರಿಯದು, ಅದಕ್ಕೆ ಪರದೆ, ಮಾತ್ರೆ. ಹಳದಿ ಜ್ವರದ ಈಡಿಸ್ ಹಗಲಲ್ಲಿ ಕಚ್ಚುತ್ತದೆ, ಡ್ರಮ್ಮು, ಹಳೆ ಟೈರಿನ ನೀರಿನಲ್ಲಿ ಹುಟ್ಟುತ್ತದೆ; ಅದಕ್ಕೆ ಪರದೆಯೊಂದೇ ಸಾಲದು. ಲಸಿಕೆ ಆಗಿದೆಯೆಂದು ಮಲೇರಿಯದ ಮಾತ್ರೆ ಬಿಟ್ಟು ಹಾಸಿಗೆ ಹಿಡಿದವರನ್ನು ಅಲ್ಲಿ ಕಂಡಿದ್ದೇನೆ. ಒಂದರ ರಕ್ಷೆ ಇನ್ನೊಂದಕ್ಕೆ ಬರುವುದಿಲ್ಲ.

ಈಡಿಸ್ ನಮ್ಮಲ್ಲೂ ಧಾರಾಳವಾಗಿದೆ, ಡೆಂಗಿ ಹರಡುವುದು ಅದೇ. ಮಂಗಗಳಂತೂ ಬೇಕಾದಷ್ಟು. ಆದರೂ ಹಳದಿ ಜ್ವರ ಭಾರತದಲ್ಲಿಲ್ಲ. ಒಮ್ಮೆ ಬಂದರೆ ಏನಾದೀತೆಂಬ ದಿಗಿಲು ಮಾತ್ರ ಹಳೆಯದು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರ ಹಿಡಿದು ಮಲಗಿದಾಗ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಅದೇ ಕುಟುಂಬದ ಬೇರೊಂದು ವೈರಸ್, ಉಣ್ಣೆಯಿಂದ ಹರಡುವಂಥದ್ದು. ನಮ್ಮೂರಲ್ಲಿ ಅದು ಮಂಗನ ಕಾಯಿಲೆ.

ಹಾಗಾಗಿ ಹಳದಿ ಜ್ವರವಿರುವ ದೇಶಗಳಿಂದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ನಮ್ಮ ನಿಯಮ ಕಿರಿಕಿರಿಯೆನ್ನಿಸಿದರೂ ಸರಿಯಾದದ್ದೇ. ಹೊರಡುವವರಿಗೆ ಒಂದು ಮಾತು: ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಟಿಕೆಟ್ ತೆಗೆಯುವ ಮುನ್ನ ಆ ಲೆಕ್ಕ ಹಾಕಿಕೊಳ್ಳಿ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. 2016ರ ಜುಲೈಯಿಂದ ಒಂದೇ ಸಲ ಸಾಕು, ಜೀವಮಾನಕ್ಕೆ.