ಕೈಗೆಲಸದ ನಡುವಿನ ಮಾತು: ಚಿಕ್ಕೋಡಿ ಸೀಮೆಯ ಓಣಿಗಳಲ್ಲಿ ಮನೆ, ದುಡಿಮೆ ಮತ್ತು ಹರಟೆ

ನಿಪ್ಪಾಣಿಯ ಬೀಡಿ ಓಣಿಗಳಲ್ಲಿ ಬರಿಗೈಯಲ್ಲಿ ಹರಟೆಗೆ ಕೂಡುವ ಹೆಂಗಸರು ಕಡಿಮೆ. ತೊಡೆಯ ಮೇಲೆ ಕೇರುವ ಮರ, ಮರದಲ್ಲಿ ಕತ್ತರಿಸಿದ ಎಲೆ ಮತ್ತು ಜರ್ದಾ, ಬಾಯಲ್ಲಿ ಎದುರುಮನೆಯ ಸೊಸೆಯ ಸುದ್ದಿ. ಅಥಣಿಯ ಸಮಗಾರ ಓಣಿಗೆ ಬಂದರೆ ಮರದ ಜಾಗದಲ್ಲಿ ಚರ್ಮದ ಪಟ್ಟಿ ಇರುತ್ತದೆ, ಸುದ್ದಿ ಹೆಚ್ಚುಕಡಿಮೆ ಅದೇ. ಹರಟೆ ಎಂದಕೂಡಲೇ ಚಹಾದಂಗಡಿ, ಅರಳಿಕಟ್ಟೆ, ಕೆಲಸ ಮುಗಿಸಿ ಬಂದ ಗಂಡಸರ ಗುಂಪು ಕಣ್ಣಮುಂದೆ ಬರುವುದು ನಮ್ಮ ಬರವಣಿಗೆಯ ರೂಢಿ. ಬಿಡುವಿನ ಹೊತ್ತಿನ ಸರಕೆಂದು ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದೂ ಅಷ್ಟೇ ರೂಢಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಈ ಎರಡೂ ರೂಢಿ ಸಾಲುವುದಿಲ್ಲ. ಇಲ್ಲಿನ ಎಷ್ಟೋ ಮನೆಗಳು ತಾವೇ ಕಾರ್ಖಾನೆಗಳು; ಮಾತು ದುಡಿಮೆಯ ಹೊಟ್ಟೆಯೊಳಗೇ ಬೆಳೆಯುತ್ತದೆ. ಅದು ಕನ್ನಡವಾಗಬೇಕೋ ಮರಾಠಿಯಾಗಬೇಕೋ ಎಂಬುದು ಪಕ್ಕದಲ್ಲಿ ಕೆಲಸಕ್ಕೆ ಕೂತವರು ಯಾರು, ಸೊಸೆ ಯಾವ ಊರಿಂದ ಬಂದಳು ಎಂಬುದರ ಮೇಲೆ ನಿಂತಿದೆ. ಈ ಲೇಖನದ ವಾದ ಇಷ್ಟೇ.

ಗಡಿಯಾದರೂ ಈ ಓಣಿಗಳಿಗಿಂತ ಕಿರಿಯದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲು ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, 1949ರ ವಿಲೀನದ ತನಕ. ನಿಪ್ಪಾಣಿ, ಕಾಗವಾಡಗಳು ಬೇರೆ ತಾಲ್ಲೂಕುಗಳಾದದ್ದು ತೀರ ಈಚೆಗೆ, 2018ರಲ್ಲಿ. ಸಂಸ್ಥಾನದ ಪ್ರಜೆಯಾಗಿ ಹುಟ್ಟಿದ ರಾಯಬಾಗದ ಆಯಿ ಮುಂಬಯಿ ರಾಜ್ಯದಲ್ಲಿ ಹಸೆಗೇರಿ, ಮೈಸೂರು ರಾಜ್ಯದಲ್ಲಿ ಬಾಣಂತನ ಕಂಡು, ಕರ್ನಾಟಕದಲ್ಲಿ ಮೊಮ್ಮಕ್ಕಳನ್ನು ಆಡಿಸಿದ್ದರೆ ಅದಕ್ಕೆ ಅವಳು ಊರು ಬಿಡಬೇಕಾಗಿರಲಿಲ್ಲ.

ಈ ಸೀಮೆಯ ಮಾತಿನ ಬಗ್ಗೆ ಜಗತ್ತಿನ ಭಾಷಾವಿಜ್ಞಾನಕ್ಕೆ ಗೊತ್ತಿರುವುದು ಬಹುಪಾಲು ಒಂದೇ ಊರಿನಿಂದ: ಮಹಾರಾಷ್ಟ್ರದ ಮಿರಜ ಪಕ್ಕದ ಕುಪವಾಡ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಆ ಹಳ್ಳಿಯನ್ನು ಪಠ್ಯಪುಸ್ತಕಗಳಿಗೆ ಸೇರಿಸಿತು. ಜೈನರು, ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ಉಳಿದ ಕೆಲವರು ಮರಾಠಿ, ತೆಲುಗು. ಶತಮಾನಗಳ ಕಾಲ ಕೂಡಿ ಬಾಳಿದ ಈ ಮಾತುಗಳ ಶಬ್ದಗಳು ಬೇರೆಬೇರೆಯಾಗಿ ಉಳಿದರೂ ವಾಕ್ಯದ ಕಟ್ಟು ಒಂದೇ ಆಗಿಬಿಟ್ಟಿದೆ ಎಂದು ಅವರು ತೋರಿಸಿದರು. ಪಠ್ಯಪುಸ್ತಕದ ಕನ್ನಡದಲ್ಲಿ 'ಈ ಮನೆ ನಿಮ್ಮದು' ಎಂದರೆ ಸಾಕು. ಅಲ್ಲಿಯ ಕನ್ನಡಿಗರು ಮರಾಠಿಯ ಹಾಗೆ ಕೊನೆಗೊಂದು ಕ್ರಿಯಾಪದ ಹಚ್ಚಿ 'ಈ ಮನಿ ನಿಮ್ದ ಐತಿ' ಅನ್ನುತ್ತಾರೆ. ಹಾಗಾದರೆ ಭಾಷೆಗಳು ಪೂರ್ತಿ ಬೆರೆತು ಒಂದಾಗದೆ ಉಳಿದದ್ದೇಕೆ? ಮನೆಯೊಳಗೆ ಜಾತಿಯ ಭಾಷೆ, ಹೊರಗೆ ಎಲ್ಲರಿಗೂ ಸಮದೂರದ ಮರಾಠಿ ಎಂಬುದು ಅವರ ಉತ್ತರ.

ಉತ್ತರ ಚೆಂದ ಇದೆ, ಆದರೆ ಅರ್ಧ. ಆ ಲೇಖನ ಎಣಿಸುವ ಬಹುಭಾಷಿಕರು ಮುಖ್ಯವಾಗಿ ಗಂಡಸರು. ಹೊಲ, ಅಂಗಡಿ, ಚಾವಡಿಗಳಲ್ಲಿ 'ಹೊರಗು' ಎಂಬುದು ಅವರಿಗೆ ಸ್ಪಷ್ಟವಾಗಿ ಸಿಗುತ್ತದೆ. ಪಡಸಾಲೆಯಲ್ಲೇ ಕೂಲಿ ಕೆಲಸ ನಡೆಯುವ ಮನೆಯಲ್ಲಿ ಒಳಗು ಎಲ್ಲಿ ಮುಗಿಯುತ್ತದೆ, ಹೊರಗು ಎಲ್ಲಿ ಶುರುವಾಗುತ್ತದೆ? ಕುಪವಾಡದ ಲೆಕ್ಕವನ್ನು ನಿಪ್ಪಾಣಿಗೆ ತಂದಾಗ ಎದುರಾಗುವ ಮೊದಲ ತೊಡಕು ಇದು.

ಬೀಡಿ ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಮಾತಿನ ಲಯ ತಿಳಿಯುತ್ತದೆ. ಎಲೆಯನ್ನು ನೆನೆಹಾಕಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಹದ ಬಂದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುವಾಗ ಕಣ್ಣು ಎಲೆಯ ಮೇಲಿರಬೇಕು, ಹಾಗಾಗಿ ಮಾತು ತುಂಡುತುಂಡು. ಜರ್ದಾ ತುಂಬಿ ಸುರುಳಿ ಸುತ್ತುವುದು, ತುದಿ ಮಡಚುವುದು, ದಾರ ಕಟ್ಟುವುದು ಬೆರಳುಗಳಿಗೆ ಬಿಟ್ಟ ಕೆಲಸ. ಓಣಿಯ ದೊಡ್ಡ ಕತೆಗಳೆಲ್ಲ ಆಗ ಬಿಚ್ಚಿಕೊಳ್ಳುತ್ತವೆ. ಇಪ್ಪತ್ತೈದಕ್ಕೊಂದು ಕಟ್ಟು. ಎಣಿಕೆ ಬಂದಾಗ ಕತೆ ನಿಲ್ಲುತ್ತದೆ, ಎಣಿಕೆ ಮುಗಿದ ಮೇಲೆ 'ಮುಂದ ಏನಾತು, ಹೇಳ ವೈನಿ' ಎಂದು ಮತ್ತೆ ಎತ್ತಿಕೊಳ್ಳುತ್ತಾರೆ. ಕೂಲಿ ಸಾವಿರ ಬೀಡಿಗಿಷ್ಟು ಎಂದು. ಸಂಜೆ ಗುತ್ತೇದಾರನ ಮುಂದೆ ಮಾಲು ಸುರಿದಾಗ ಎಷ್ಟು ಬೀಡಿ ಕೆಟ್ಟದ್ದೆಂದು ಹೊರಗೆ ಬಿತ್ತು, ಯಾರದು ಹೆಚ್ಚು ಬಿತ್ತು, ಯಾಕೆ ಬಿತ್ತು ಎಂಬುದು ಮರುದಿನದ ಹರಟೆಯ ಮೊದಲ ವಿಷಯ. ಇದನ್ನು ಚಾಡಿ ಎಂದು ತಳ್ಳಿಹಾಕುವವರು ಒಂದು ಮಾತು ಗಮನಿಸಬೇಕು. ಮನೆಮನೆಗೆ ಚದುರಿದ ಕೂಲಿಕಾರರಿಗೆ ಗುತ್ತೇದಾರ ಪಕ್ಕದ ಮನೆಗೆ ಎಷ್ಟು ಎಲೆ ಕೊಟ್ಟ, ಎಷ್ಟು ಕೂಲಿ ಮುರಿದ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ತಾನು ಕಾರ್ಮಿಕಳೆಂಬುದು ಅವಳಿಗೆ ಗೊತ್ತಾಗುವುದು ಮಾತ್ರ ಬಹಳ ಸಲ ಕಾಯ್ದೆಯ ಪುಸ್ತಕದಿಂದಲ್ಲ, ಪಕ್ಕದ ಮರದಾಚೆಯ ಬಾಯಿಂದ.

ತಂಬಾಕಿನ ವಖಾರಿಗಳಲ್ಲಿ ಇದೇ ಮಾತು ಸಂಘಟನೆಯಾಗಿ ಬೆಳೆದದ್ದಕ್ಕೆ ಚಿತ್ರದ ಸಾಕ್ಷಿಯೇ ಇದೆ. 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ ಚಿತ್ರ ತಂಡ ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಜೊತೆಗೂಡಿ 'ತಂಬಾಕೂ ಚಾಕಿಲಾ ಊಬ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರ ತೆಗೆಯಿತು. ದೂಳು ತುಂಬಿದ ವಖಾರಿಯಲ್ಲಿ ಮುಖಕ್ಕೆ ಸೆರಗು ಸುತ್ತಿಕೊಂಡು ದುಡಿಯುವವರು ಆ ಚಿತ್ರದಲ್ಲಿ ತಮ್ಮ ಪಾಡನ್ನು ತಾವೇ ಹೇಳುತ್ತಾರೆ, ಗುಂಪಾಗಿ ಕೂತು ಚರ್ಚಿಸುತ್ತಾರೆ. ಅದಕ್ಕೆ ಒಂದು ವರ್ಷ ಹಿಂದೆ, 1981ರ ಮಾರ್ಚ್–ಏಪ್ರಿಲ್‌ನಲ್ಲಿ, ಶರದ್ ಜೋಶಿ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಬೀಡುಬಿಟ್ಟಿದ್ದರು. ಏಪ್ರಿಲ್ 6ರ ಪೊಲೀಸ್ ಗುಂಡಿಗೆ ಹನ್ನೆರಡು ಮಂದಿ ರೈತರು ಬಲಿಯಾದರು. ಬೆಳೆಗಾರನ ಚಳವಳಿ ಪತ್ರಿಕೆಯ ಮುಖಪುಟಕ್ಕೆ ಬಂತು. ಕಾರ್ಮಿಕ ಹೆಂಗಸರದು ಒಂದು ಸಣ್ಣ ಚಿತ್ರತಂಡ ಬಂದಿದ್ದರಿಂದ ಉಳಿಯಿತು.

ಅಥಣಿಯ ಕತೆ ಬೇರೆ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ. ದಪ್ಪ ಚರ್ಮ ಕೊಯ್ದು ಅಟ್ಟೆ ಕೂಡಿಸುವುದು ಸಾಮಾನ್ಯವಾಗಿ ಗಂಡಸಿನ ಕೆಲಸ. ಮೇಲಿನ ಪಟ್ಟಿಗೆ ತೂತು ಹಾಕಿ ತೆಳುವಾದ ಚರ್ಮದೆಳೆಗಳನ್ನು ಜಡೆ ಹೆಣೆಯುವುದು ಹೆಂಗಸಿನದು. ಮೊಳೆ ಇಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. ಇಲ್ಲಿ ಗಂಡ-ಹೆಂಡತಿ ಒಂದೇ ಕೋಣೆಯಲ್ಲಿ ದಿನವಿಡೀ ಎದುರುಬದುರು ಕೂತಿರುತ್ತಾರೆ, ನಿಪ್ಪಾಣಿಯ ಹಾಗೆ ಹೆಂಗಸರದೇ ವರ್ತುಲ ಕಟ್ಟುವುದಿಲ್ಲ. ಹಾಗಾಗಿ ಹರಟೆಯ ಸ್ವರೂಪವೂ ಬೇರೆ: ಅರ್ಧ ಜಗಳ, ಅರ್ಧ ಲೆಕ್ಕ. ಮನೆಖರ್ಚು, ಚರ್ಮದ ದರ, ವ್ಯಾಪಾರಿಯ ಬಾಕಿ, ಮಗಳ ಶಾಲೆ ಎಲ್ಲ ಒಂದೇ ಉಸಿರಿನಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಶುರುವಾದ ಟೋಹೋಲ್ಡ್ ಕುಶಲಕರ್ಮಿಗಳ ಕೂಟ ಜಡೆ ಹೆಣೆಯುವ ಹೆಂಗಸರನ್ನೇ ಸ್ವಸಹಾಯ ಗುಂಪುಗಳಾಗಿ ಕೂಡಿಸಿ ಹೊರದೇಶದ ಖರೀದಿದಾರರ ತನಕ ಒಯ್ದಿತು. 2018ರ ಭೌಗೋಳಿಕ ಸೂಚಕದ ಗುರುತು ಎರಡೂ ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸಂದಿತು, ಬೆಳಗಾವಿ ಅದರಲ್ಲೊಂದು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಇಂಥವೇ ಚಪ್ಪಲಿ ತೋರಿಸಿ ಗದ್ದಲವೆದ್ದಾಗ ಟಿ.ವಿ. ಕ್ಯಾಮೆರಾಗಳು ಹೆಚ್ಚಾಗಿ ಓಡಿದ್ದು ಕೊಲ್ಹಾಪುರಕ್ಕೆ. ಹೆಸರಿಗೆ ಇರುವ ಬಲವೇ ಹಾಗೆ.

ಇನ್ನು ಸೋಯರಿಕೆ. ಇರಾವತಿ ಕರ್ವೆ 1953ರ ತಮ್ಮ ಬಂಧುತ್ವದ ಅಧ್ಯಯನದಲ್ಲಿ ಕರ್ನಾಟಕವನ್ನು ದಕ್ಷಿಣದ ವಲಯಕ್ಕೂ ಮಹಾರಾಷ್ಟ್ರವನ್ನು ನಡುವಿನ ವಲಯಕ್ಕೂ ಸೇರಿಸಿದರು. ಅಕ್ಕನ ಮಗಳನ್ನು ತರುವುದು ದಕ್ಷಿಣದ ರೂಢಿ. ಸೋದರಮಾವನ ಮಗಳು ಎರಡೂ ಕಡೆಗೆ ಒಪ್ಪಿತ. ಕೃಷ್ಣೆಯ ಎರಡೂ ದಂಡೆಗಳ ಲಿಂಗಾಯತ, ಜೈನ ಮನೆತನಗಳು ಗಡಿಯಾಚೆಯ ಶಿರೋಳ, ಮಿರಜ, ಜತ್ತಗಳ ಕಡೆ ಹೆಣ್ಣು ಕೊಟ್ಟು ತರುತ್ತ ಬಂದಿವೆ. ಇದರ ಫಲ ಅಡುಗೆಮನೆಯಲ್ಲಿ ಕಾಣುತ್ತದೆ. ಶಿರೋಳದ ಕನ್ನಡ ಮನೆಯ ಹುಡುಗಿ ಮರಾಠಿ ಶಾಲೆ ಕಲಿತು ಶೇಡಬಾಳಕ್ಕೋ ಸದಲಗಾಕ್ಕೋ ಸೊಸೆಯಾಗಿ ಬರುತ್ತಾಳೆ. ಅತ್ತೆಯೊಡನೆ ಆಡುವುದು ಕನ್ನಡ, ಓದುವುದು ಮರಾಠಿ ಪೇಪರು. ಅವಳ ಗಂಡ ಅದೇ ಪಡಸಾಲೆಯಲ್ಲಿ ಕನ್ನಡ ಪೇಪರು ಬಿಡಿಸಿಕೊಂಡಿರುತ್ತಾನೆ. ಕಾಕಾ, ಮಾವಶಿ, ವೈನಿಗಳಿಗೆ ಯಾವ ಭಾಷೆಯ ಹಂಗೂ ಇಲ್ಲ. ಸ್ತವನಿಧಿಯಲ್ಲಿ 1899ರಲ್ಲಿ ಹುಟ್ಟಿದ ಸಂಸ್ಥೆಯ ಹೆಸರು ದಕ್ಷಿಣ ಮಹಾರಾಷ್ಟ್ರ ಜೈನ ಸಭಾ. ಸ್ತವನಿಧಿ ಇಂದು ಕರ್ನಾಟಕದ ನಿಪ್ಪಾಣಿ ತಾಲ್ಲೂಕಿನಲ್ಲಿದೆ. ಸದಲಗಾದ ಕನ್ನಡ ಮನೆಯಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಮುಂದೆ ಹಿಂದಿಯಲ್ಲಿ 'ಮೂಕಮಾಟಿ' ಮಹಾಕಾವ್ಯ ಬರೆದರು. ಇಲ್ಲಿಯವರಿಗೆ ಇದು ಅಚ್ಚರಿಯ ವಿಷಯವೇನಲ್ಲ.

ಮಳೆಗಾಲದಲ್ಲಿ ಎಲ್ಲ ಓಣಿಗಳ ಮಾತು ಒಂದೇ ಕಡೆ ಹರಿಯುತ್ತದೆ: ಕೊಯ್ನಾ ಡ್ಯಾಮಿನಿಂದ ಎಷ್ಟು ಬಿಟ್ಟಾರ? ಶಾಲೆಯ ಮೆಟ್ಟಿಲು ಹತ್ತದವರೂ ಜುಲೈ-ಆಗಸ್ಟ್‌ನಲ್ಲಿ ಕ್ಯೂಸೆಕ್ ಲೆಕ್ಕ ಹೇಳುತ್ತಾರೆ. ರಾಜಾಪುರ ಬ್ಯಾರೇಜಿನ ನೀರಿಗೆ ದೂಧಗಂಗೆಯದನ್ನು ಕೂಡಿಸಿದರೆ ಕಲ್ಲೋಳದ ಹತ್ತಿರ ಕೃಷ್ಣೆ ಎಷ್ಟಾಗುತ್ತದೆ, ಯಡೂರ ವೀರಭದ್ರನ ಗುಡಿಗೆ ನೀರು ಯಾವಾಗ ಮುಟ್ಟುತ್ತದೆ, ನದಿಯ ಸೇತುವೆ ಮುಳುಗಿದರೆ ಹಾಲಿನ ಗಾಡಿ ಯಾವ ದಾರಿ ಹಿಡಿಯಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ದಂಡೆಯ ಊರುಗಳ ಸಂಸಾರಗಳು ದನಕರು ಸಮೇತ ಎತ್ತರದ ಊರುಗಳಿಗೆ, ಕಾಳಜಿ ಕೇಂದ್ರಗಳಾದ ಶಾಲೆಗಳಿಗೆ ಹೋದವು. ಆಗ ಫೋನಿನಲ್ಲಿ ಗಡಿಯ ಆಚೀಚೆಯ ಅಕ್ಕ-ತಂಗಿಯರ ನಡುವೆ ನಡೆಯುವ ವಾದ ನೀರಾವರಿ ಇಲಾಖೆಗಳ ವಾದದ ಮನೆಯ ಆವೃತ್ತಿ. ಸಾಂಗಲಿ ಕಡೆಯವಳು ಆಲಮಟ್ಟಿಯ ಹಿನ್ನೀರನ್ನು ಬೈಯುತ್ತಾಳೆ, ಈಚೆಯವಳು ಕೊಯ್ನಾವನ್ನು. ಬೇಸಿಗೆಯಲ್ಲಿ ಕೃಷ್ಣೆ ಒಣಗಿದಾಗ ಅದೇ ಕೊಯ್ನಾದ ನೀರಿಗಾಗಿ ಕರ್ನಾಟಕ ಮಹಾರಾಷ್ಟ್ರಕ್ಕೆ ಕೈಚಾಚುತ್ತದೆ ಎಂಬುದನ್ನು ಸಾಂಗಲಿಯವಳು ನೆನಪಿಸದೆ ಬಿಡುವುದಿಲ್ಲ.

ಗಡಿ ತಂಟೆ ಓಣಿಗೆ ಬರುವ ಬಗೆಯೂ ಹೀಗೆಯೇ. 1967ರ ಮಹಾಜನ ಆಯೋಗದ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದ ಭಾಗಗಳನ್ನು ಕರ್ನಾಟಕಕ್ಕೂ ಕೊಡಬೇಕೆಂದಿತು, ಯಾವುದೂ ಆಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ವೇದಿಕೆಗಳ ಮೇಲೆ ಇದು ಭಾಷೆಯ ಮಾನದ ಪ್ರಶ್ನೆ. ಕಾಗವಾಡದ ಮನೆಯಲ್ಲಿ ಅದು ಬಸ್ಸಿನ ಪ್ರಶ್ನೆ. 2022ರ ಕೊನೆಯಲ್ಲಿ ಆದ ಹಾಗೆ ಎರಡೂ ಕಡೆಯ ಸರ್ಕಾರಿ ಬಸ್ಸು ಗಡಿಯಲ್ಲಿ ನಿಂತರೆ ಮಿರಜದ ದವಾಖಾನೆಗೆ ಹೋಗುವುದು ಹೇಗೆ? ವಿಲಿಯಂ ವಾನ್ಲೆಸ್ 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ, ಕಾಗವಾಡ, ರಾಯಬಾಗದ ಕಾಯಿಲೆಗಳ ದಾರಿ ಮಿರಜದ ಕಡೆಗಿದೆ. ಹೆರಿಗೆಗೆ ಹೋದವಳಿಗೆ ಯಾರು ಬುತ್ತಿ ಒಯ್ದರು, ಡಾಕ್ಟರು ಏನಂದರು, ಬಿಲ್ಲು ಎಷ್ಟಾಯಿತು ಎಂಬ ಸುದ್ದಿ ಗಡಿಯನ್ನು ದಾಟಿ ಸಂಜೆಯೊಳಗೆ ಓಣಿ ಮುಟ್ಟುತ್ತದೆ.

ಮಗುವನ್ನು ಕನ್ನಡ ಶಾಲೆಗೆ ಹಾಕಬೇಕೋ ಮರಾಠಿ ಶಾಲೆಗೋ ಎಂಬ ಚರ್ಚೆ ನಿಪ್ಪಾಣಿಯಲ್ಲಿ ಹಳೆಯದು, ಏಕೆಂದರೆ ಎರಡೂ ಬಗೆಯ ಸರ್ಕಾರಿ ಶಾಲೆ ಅಲ್ಲಿವೆ. ಕರ್ನಾಟಕದಲ್ಲಿ ನೌಕರಿಗೆ ಕನ್ನಡ ಬೇಕು ಎಂಬುದು ಒಂದು ವಾದ, ಮನೆಯಲ್ಲಿ ಓದಿಸಲು ಅವ್ವನಿಗೆ ಬರುವುದು ಮರಾಠಿ ಎಂಬುದು ಇನ್ನೊಂದು. ಈಗ ಇಂಗ್ಲಿಷ್ ಮಾಧ್ಯಮ ಎರಡನ್ನೂ ಪಕ್ಕಕ್ಕೆ ಸರಿಸುತ್ತಿದೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಶುರುವಾದ ಶಿಷ್ಯವೇತನಕ್ಕೆ ಇವತ್ತು ಕೇಂದ್ರದ ಆನ್‌ಲೈನ್ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಆಧಾರ್, ಬ್ಯಾಂಕಿನ ಪಾಸ್‌ಬುಕ್, ಬೀಡಿ ಕಾರ್ಮಿಕರ ಗುರುತಿನ ಚೀಟಿ ಮರದ ಪಕ್ಕದಲ್ಲಿಟ್ಟುಕೊಂಡು ಅವ್ವ ಕನ್ನಡದಲ್ಲೋ ಮರಾಠಿಯಲ್ಲೋ ಹೇಳುತ್ತಾಳೆ. ಕಾಲೇಜು ಓದುವ ನೆರೆಮನೆಯ ಹುಡುಗ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ತುಂಬುತ್ತಾನೆ. ಪಾಸ್‌ವರ್ಡ್ ಎಲ್ಲಿ ಬರೆದಿಡಬೇಕೆಂದು ಓಣಿಯೆಲ್ಲ ಸಲಹೆ ಕೊಡುತ್ತದೆ.