ನೀರಿನ ಮೇಲಿನ ಗೆರೆ

ಷಿಕಾಗೋ ಅಂದರೆ ನಮ್ಮ ಸಂಗಾತಿಗಳಿಗೆ ಮೇ ದಿನ ನೆನಪಾಗುತ್ತದೆ. ಅದೇ ಊರಿನ ಇನ್ನೊಂದು ದಿನವನ್ನೂ ನೆನಪಿಡಬೇಕು: 1919ರ ಜುಲೈ 27.

1900ರಲ್ಲಿ ಅಲ್ಲಿದ್ದ ಜನ ಸುಮಾರು 17 ಲಕ್ಷ. 1920ಕ್ಕೆ 27 ಲಕ್ಷ. ಊರು ತಾನಾಗೇ ಬೆಳೀಲಿಲ್ಲ. ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವರು ಬೆಳೆಸಿದರು. ಮೊದಲು ಬಂದವರು ಯುರೋಪಿನ ಬಡವರು. ಮಹಾಯುದ್ಧದಿಂದ ಅವರು ಬರುವುದು ನಿಂತಾಗ ಧಣಿಗಳು ದಕ್ಷಿಣದ ಕಡೆ ನೋಡಿದರು. ಅಲ್ಲಿ ಹತ್ತಿ ಹೊಲಗಳಲ್ಲಿ ಸಾಲಕ್ಕೆ ಸಿಕ್ಕಿ ಕೋರಿಗೆ ದುಡಿಯುತ್ತಿದ್ದ ಕರಿಯರು ರೈಲು ಹತ್ತಿದರು. 'ಷಿಕಾಗೋ ಡಿಫೆಂಡರ್' ಎಂಬ ಕರಿಯರ ಪತ್ರಿಕೆ ಬನ್ನಿ ಎಂದು ಕರೆಯಿತು. ರೈಲಿನ ಕರಿಯ ನೌಕರರು ಅದನ್ನು ಗುಟ್ಟಾಗಿ ಊರೂರಿಗೆ ಮುಟ್ಟಿಸಿದರು. 1910ರಲ್ಲಿ 44 ಸಾವಿರವಿದ್ದ ಕರಿಯರು 1920ಕ್ಕೆ 1 ಲಕ್ಷ 9 ಸಾವಿರವಾದರು.

ಕೆಲಸ ಸಿಕ್ತು, ಮನೆ ಸಿಗಲಿಲ್ಲ. ಪಟ್ಟಣದ ದಕ್ಷಿಣಕ್ಕಿದ್ದ ಒಂದು ಇಕ್ಕಟ್ಟಿನ ಪಟ್ಟಿಯೇ ಅವರ ಕೇರಿ. ಅದನ್ನು ದಾಟಿ ಮನೆ ಹಿಡಿದವರ ಮೇಲೆ ಬಾಂಬು ಬಿದ್ದವು.

ಆ ಜುಲೈ 27ರಂದು ಯೂಜೀನ್ ವಿಲಿಯಮ್ಸ್ ಎಂಬ 17ರ ಹುಡುಗ ಮಿಷಿಗನ್ ಸರೋವರದಲ್ಲಿ ತೆಪ್ಪದ ಮೇಲೆ ತೇಲುತ್ತಾ ಬಿಳಿಯರ ಕಡೆಯ ನೀರಿಗೆ ಬಂದ. ದಡದಿಂದ ಕಲ್ಲು ಬಂದವು. ಹುಡುಗ ಮುಳುಗಿ ಸತ್ತ. ಕಲ್ಲು ಎಸೆದವನನ್ನು ಜನ ತೋರಿಸಿಕೊಟ್ಟರೂ ಬಿಳಿಯ ಪೊಲೀಸಿನವನು ಹಿಡಿಯಲಿಲ್ಲ. ಮುಂದಿನ ಗಲಭೆಯಲ್ಲಿ 23 ಕರಿಯರು, 15 ಬಿಳಿಯರು ಸತ್ತರು.

ಆ ಗೆರೆಯನ್ನು ಯಾವ ಕಾನೂನೂ ಎಳೆದಿರಲಿಲ್ಲ. ನೀರಿನ ಮೇಲೆ ಗೆರೆ ನಿಲ್ಲೋದಿಲ್ಲ ಅಂತಾರೆ. ಕಾಯೋಕೆ ಕಲ್ಲು ಹಿಡಿದ ಕೈಗಳು, ಸುಮ್ಮನಿರೋಕೆ ಪೊಲೀಸರು ಇದ್ದರೆ ನಿಲ್ಲುತ್ತದೆ. ಪಟ್ಟಣಕ್ಕೆ ಬೇಕಾದದ್ದು ದುಡಿಯುವ ತೋಳು. ಆ ತೋಳಿನ ಮನುಷ್ಯ ಅಲ್ಲ.