ಮೆಂತ್ಯದ ಎಳೆಸಸಿ: ಮನೆಯ ಮೈಕ್ರೋಗ್ರೀನ್ ಕುರಿತು ಒಂದು ಟಿಪ್ಪಣಿ

ಬೀಜ ಮೊಳೆತು, ಬೀಜದಳಗಳೆರಡೂ ಬಿಚ್ಚಿಕೊಂಡು, ಮೊದಲ ನಿಜ ಎಲೆ ಇಣುಕುವ ಹೊತ್ತಿಗೆ ಬುಡದಿಂದ ತುಸು ಮೇಲಕ್ಕೆ ಕತ್ತರಿಸಿ ತಿನ್ನುವ ಸಸಿ ಮೈಕ್ರೋಗ್ರೀನ್. ಮೊಳಕೆಕಾಳನ್ನು ಬೇರು ಸಿಪ್ಪೆ ಸಮೇತ ತಿನ್ನುತ್ತೇವೆ. ಇದರಲ್ಲಿ ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಮೊಳಕೆಗೆ ಬೆಳಕು ಬೇಕಿಲ್ಲ, ಇದಕ್ಕೆ ಬೇಕು. ಮನೆಯಲ್ಲಿ ಬೆಳೆಯುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ವ್ಯತ್ಯಾಸಗಳಿಗೇ ಬಂದು ನಿಲ್ಲುತ್ತವೆ.

ಮೊದಲು ಪೌಷ್ಟಿಕತೆಯ ಮಾತು. ‘ಬೆಳೆದ ಸೊಪ್ಪಿಗಿಂತ 40 ಪಟ್ಟು ಸತ್ವ’ ಎಂಬ ಘೋಷಣೆ ಮಾರಾಟದ ಡಬ್ಬಿಗಳ ಮೇಲೂ ಕಾಣುತ್ತದೆ. ಇದರ ಮೂಲ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು 25 ಬಗೆಯ ಎಳೆಸಸಿಗಳನ್ನು ಪರೀಕ್ಷಿಸಿದರು. ‘ಸಿ’ ಜೀವಸತ್ವದಲ್ಲಿ ಮುಂದಿದ್ದದ್ದು ಕೆಂಪು ಎಲೆಕೋಸಿನ ಸಸಿ: 100 ಗ್ರಾಂಗೆ 147 ಮಿಲಿಗ್ರಾಂ. ಬೆಳೆದ ಕೆಂಪು ಕೋಸಿಗೆ ಅದೇ ಇಲಾಖೆಯ ಆಹಾರ ಕೋಷ್ಟಕ ಕೊಡುವ ಅಂಕಿ 57. ಅಂದರೆ ಅಂತರ ಎರಡೂವರೆ ಪಟ್ಟು. 40 ಪಟ್ಟು ಎಂಬುದು ಕೆಂಪು ಕೋಸಿನ ‘ಇ’ ಜೀವಸತ್ವ ಒಂದಕ್ಕೇ ಸೇರಿದ ಹೋಲಿಕೆ. ಅಷ್ಟಕ್ಕೂ ಕೋಸಿನ ಗಡ್ಡೆಯ ಒಳಪದರಗಳು ಬಿಸಿಲನ್ನೇ ಕಾಣದವು. ಅವುಗಳ ಎದುರು ಹಸಿರು ಸಸಿ ಗೆದ್ದಿತೆಂದು, ಮೈಪೂರ್ತಿ ಬಿಸಿಲುಂಡು ಬೆಳೆದ ದಂಟು, ಮೆಂತ್ಯ ಸೊಪ್ಪುಗಳನ್ನೂ ಅದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಪ್ರಮಾಣವನ್ನೂ ನೋಡಬೇಕು. ಕೋಸಂಬರಿಗೆ ಉದುರಿಸುವ ಒಂದು ಹಿಡಿ ಎಳೆಸಸಿ 15 ಗ್ರಾಂ ತೂಗೀತು. ಅತ್ಯುತ್ತಮವೆನಿಸಿದ ಕೆಂಪು ಕೋಸಿನ ಸಸಿಯೇ ಆದರೂ ಅದರಿಂದ ದಕ್ಕುವುದು 22 ಮಿಲಿಗ್ರಾಂ ‘ಸಿ’ ಜೀವಸತ್ವ. ಸಂತೆಯ ಒಂದು ಸೀಬೆಹಣ್ಣು ಅದರ ಹಲವು ಪಟ್ಟು ಕೊಡುತ್ತದೆ. ಕಬ್ಬಿಣ, ಸುಣ್ಣದಂಥ ಖನಿಜಗಳಂತೂ ಮೊಳೆತ ಮಾತ್ರಕ್ಕೆ ಹೊಸದಾಗಿ ಹುಟ್ಟುವುದಿಲ್ಲ. ಬೀಜದಲ್ಲಿದ್ದದ್ದು, ನೀರು ಮತ್ತು ಮಣ್ಣಿನಿಂದ ಬಂದದ್ದು ಇಷ್ಟೇ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನಮಗೆ ಹೆಚ್ಚು ಉಪಯುಕ್ತ, ಆದರೆ ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಕತ್ತಲಲ್ಲಿ ಬೆಳೆಸಿದ ಹಳದಿ ಬಟಾಣಿ ಕುಡಿಗಳಲ್ಲಿ ಜೀವಸತ್ವಗಳೂ ಕ್ಯಾರೊಟಿನ್ ಬಳಗದ ವರ್ಣದ್ರವ್ಯಗಳೂ ತೀರ ಕಡಿಮೆ ಇದ್ದವು. ನವರಾತ್ರಿಯಲ್ಲಿ ಘಟ ಸ್ಥಾಪಿಸುವ ಮನೆಗಳವರು ಈ ಹಳದಿಯನ್ನು ಬಲ್ಲರು. ದೇವರ ಕೋಣೆಯ ಮಬ್ಬಿನಲ್ಲಿ ಒಂಬತ್ತು ದಿನದಲ್ಲಿ ಗೇಣುದ್ದ ಏಳುವ ಪೈರು ಸಪೂರ, ಬಿಳಿಚು. ಪೂಜೆಗೆ ಅದು ಒಪ್ಪುತ್ತದೆ, ಊಟದ ದೃಷ್ಟಿಯಿಂದ ಬಡಪೈರು. ಆದ್ದರಿಂದ ಬಿತ್ತಿದ ತಟ್ಟೆಯನ್ನು ಮೊದಲ ಎರಡು ಮೂರು ದಿನ ಮುಚ್ಚಿಟ್ಟರೆ ಸಾಕು. ಆಮೇಲೆ ಬೆಳಕು ಬೀಳುವ ಕಿಟಕಿಯೇ ಅದರ ಜಾಗ.

ನಮ್ಮ ಅಡುಗೆಮನೆಗೆ ಹೊಂದುವ ಬೆಳೆ ನನ್ನ ಮಟ್ಟಿಗೆ ಮೆಂತ್ಯವೇ. ಮುಂಬೈ ಕಡೆಯ ಮರಳು ನೆಲದಲ್ಲಿ ಎಳೆಯದರಲ್ಲೇ ಕಿತ್ತು ಪುಟ್ಟ ಕಟ್ಟುಗಳಾಗಿ ಮಾರುವ ‘ಸಮುದ್ರ ಮೇಥಿ’ ಹೆಚ್ಚುಕಡಿಮೆ ಇದೇ. ರಾತ್ರಿ ನೆನೆಸಿದ ಕಾಳನ್ನು ಒಂದಂಗುಲ ದಪ್ಪದ, ಚೆನ್ನಾಗಿ ತೊಳೆದು ಉಪ್ಪು ಕಳೆದ ಕೋಕೋಪೀಟಿನ ಮೇಲೆ ಒತ್ತಾಗಿ ಹರಡಿದರೆ ಹತ್ತು ದಿನದ ಆಸುಪಾಸಿನಲ್ಲಿ ಕೊಯ್ಲು. ಮೆಂತ್ಯದ ಮೊದಲ ನಿಜ ಎಲೆ ಒಂಟಿ ದಳದ್ದು. ಮೂರು ದಳದ ಪರಿಚಿತ ಎಲೆ ಬರುವುದು ಅದಾದ ಮೇಲೆ. ಒಂಟಿ ಎಲೆ ಕಂಡಿತೆಂದರೆ ಕತ್ತರಿ ಹಿಡಿಯಬಹುದು. ಬೀಜದಳದ ಕೆಳಗೆ ಕತ್ತರಿಸಿದ ಸಸಿ ಮತ್ತೆ ಚಿಗುರುವುದಿಲ್ಲ. ಬಟಾಣಿಯ ಮಾತು ಬೇರೆ, ಅದರ ಬೀಜದಳ ಮಣ್ಣೊಳಗೇ ಉಳಿಯುವುದರಿಂದ ಇನ್ನೊಂದು ಕುಡಿ ಏಳುತ್ತದೆ. ಸಾಸಿವೆ, ಮೂಲಂಗಿ ಮೊಳೆತಾಗ ಬೇರಿನ ಸುತ್ತ ಬೆಳ್ಳಗೆ ನವಿರಾದ ಎಳೆಗಳು ಕಾಣುತ್ತವೆ. ಬೂಷ್ಟೆಂದು ಹೆದರಿ ತಟ್ಟೆಯನ್ನೇ ಚೆಲ್ಲುವವರುಂಟು. ನೀರು ಚಿಮುಕಿಸಿ ನೋಡಬೇಕು. ಬೇರುರೋಮವಾದರೆ ಒದ್ದೆಯಾಗಿ ಬೇರಿಗಂಟಿ ಮರೆಯಾಗುತ್ತದೆ, ಬೂಷ್ಟಾದರೆ ಜೇಡರ ಬಲೆಯಂತೆ ಹಾಗೇ ಉಳಿಯುತ್ತದೆ.

ಮೆಂತ್ಯವನ್ನು ಶಿಫಾರಸು ಮಾಡುವವರು 2011ರ ಘಟನೆಯನ್ನೂ ಹೇಳಬೇಕು. ಆ ವರ್ಷ ಜರ್ಮನಿಯಲ್ಲಿ ಇ.ಕೋಲಿ ಬ್ಯಾಕ್ಟೀರಿಯಾದ O104:H4 ತಳಿಯಿಂದ ಸುಮಾರು 4000 ಮಂದಿ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಅಪವಾದ ಬಂದದ್ದು ಸ್ಪೇನಿನ ಸೌತೆಕಾಯಿ ಮೇಲೆ. ಅದೇ ಬೇಸಿಗೆಯಲ್ಲಿ ಫ್ರಾನ್ಸಿನ ಬೋರ್ಡೊ ಬಳಿಯೂ ಅದೇ ತಳಿಯ ಸೋಂಕು ಕಾಣಿಸಿತು. ಎರಡೂ ಕಡೆಯ ಎಳೆ ಹಿಡಿದು ಹೋದ ತನಿಖೆ ಈಜಿಪ್ಟಿನಿಂದ ತರಿಸಿದ ಮೆಂತ್ಯಬೀಜದ ಕಡೆಗೆ ಬೊಟ್ಟು ಮಾಡಿತು. ತಿಂದವರು ತಿಂದದ್ದು ಮೊಳಕೆಯನ್ನು, ಮೈಕ್ರೋಗ್ರೀನನ್ನಲ್ಲ. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಮೊಳಕೆ ಬ್ಯಾಕ್ಟೀರಿಯಾಕ್ಕೂ ಹೇಳಿಮಾಡಿಸಿದ ತಾಣ. ಗಾಳಿ ಬೆಳಕಿನಲ್ಲಿ ಬೆಳೆದು, ಬೀಜ ಬೇರುಗಳನ್ನು ಬಿಟ್ಟು ಕೊಯ್ದ ಸಸಿಯಲ್ಲಿ ಅಪಾಯ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ, ಏಕೆಂದರೆ ಬೀಜಕ್ಕಂಟಿದ ಸೋಂಕು ಎಲೆಗೂ ಏರಬಲ್ಲದು. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದನ್ನು ಹಸಿಯಾಗಿ ತಿನ್ನದೆ ಅಕ್ಕಿರೊಟ್ಟಿಗೋ ಸಾರಿಗೋ ಹಾಕಿ ಬೇಯಿಸಿ ತಿನ್ನುವುದು ಮೇಲು. ‘ಸಿ’ ಜೀವಸತ್ವ ಒಂದಷ್ಟು ಹೋದರೆ ಹೋಗಲಿ.

ಮೊಳೆಯುವುದೆಲ್ಲ ತಿನ್ನುವಂಥದ್ದಲ್ಲ. ಎಳೆ ಜೋಳದ ಪೈರಿನಲ್ಲಿ ಧುರಿನ್ ಎಂಬ ವಸ್ತುವಿದ್ದು ಅದರಿಂದ ಸೈನೈಡ್ ಬಿಡುಗಡೆಯಾಗುತ್ತದೆ. ಎಳೆ ಜೋಳಕ್ಕೆ ದನ ಬಿಡಬಾರದೆಂಬ ಎಚ್ಚರಿಕೆ ಬಯಲುಸೀಮೆಯ ರೈತರಿಗೆ ಹೊಸದಲ್ಲ. ಟೊಮೆಟೊ, ಬದನೆಯ ಸಸಿಗಳಲ್ಲೂ ವಿಷಕಾರಿ ಆಲ್ಕಲಾಯ್ಡ್‌ಗಳಿರುತ್ತವೆ, ಅವೂ ಬೇಡ. ಇನ್ನು ಬಿತ್ತನೆಗೆಂದೇ ಮಾರುವ ಬೀಜಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿ ಗುರುತಿಗೆ ಗುಲಾಬಿಯದೋ ಕೆಂಪಿನದೋ ಬಣ್ಣ ಕೊಟ್ಟಿರುತ್ತಾರೆ. ಎಷ್ಟು ತೊಳೆದರೂ ಅದನ್ನು ತಿನ್ನುವ ಸಸಿಗೆ ಬಳಸಬೇಡಿ. ಕಿರಾಣಿ ಅಂಗಡಿಯ ಹೊಸ ಮೆಂತ್ಯ, ಸಾಸಿವೆ ಧಾರಾಳವಾಗಿ ಮೊಳೆಯುತ್ತವೆ.